ಚಳಿಜ್ವರದ ಸೀಮೆಯೂ ನೆತ್ತರಿನ ಕಣಗಳೂ

ಶ್ರೀರಂಗಪಟ್ಟಣದ ಕೋಟೆಯನ್ನು ನೋಡಿಬಂದ ವಾಚಕರು ಈ ಸಂಗತಿಯನ್ನು ಕೇಳಿರಬಹುದು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಅಲ್ಲಿ ಬೀಡುಬಿಟ್ಟ ಆಂಗ್ಲರ ದಂಡು 1809ರಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ಫಿರಂಗಿಗೆ ಅಂಜದ ಆ ಸಿಪಾಯಿಗಳನ್ನು ಅಲ್ಲಿಂದ ಎಬ್ಬಿಸಿದುದು ಕಾವೇರಿಯ ನಡುಗಡ್ಡೆಯ ಚಳಿಜ್ವರ. ಕೆಟ್ಟ ಗಾಳಿಯೇ ಅದಕ್ಕೆ ಕಾರಣವೆಂದು ಆಗಿನವರು ನಂಬಿದ್ದರು. ರೋಗದ ಜೀವಿಯು ನೆತ್ತರಿನಲ್ಲಿಯೇ ಇರುವುದನ್ನು 1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ವೈದ್ಯನು ಕಂಡನು. ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡವನು ರೊನಾಲ್ಡ್ ರಾಸ್.

ಹೆಪ್ಪುಗಟ್ಟದಂತೆ ಮಾಡಿದ ನೆತ್ತರನ್ನು ಗಾಜಿನ ನಳಿಕೆಯಲ್ಲಿ ನಿಲ್ಲಿಸಿದರೆ ಮೇಲೆ ಹುಲ್ಲಿನ ಬಣ್ಣದ ತಿಳಿ ನಿಲ್ಲುವುದು, ಕೆಳಗೆ ಕೆಂಪು ಗಷ್ಟು ಇಳಿಯುವುದು, ಎರಡರ ನಡುವೆ ತೆಳುವಾದ ಬಿಳಿಯ ಪದರ ತೋರುವುದು. ಮೇಲಿನ ತಿಳಿಯೇ ಪ್ಲಾಸ್ಮಾ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ. ಅನ್ನದ ಸಾರವನ್ನೂ ಮೈಯ ಕಲ್ಮಷವನ್ನೂ ಹೊತ್ತು ತಿರುಗುವುದು ಅದರ ಕೆಲಸ.

ಕೆಂಪು ಕಣಗಳ ಸಂಗತಿ ಇನ್ನೂ ಸ್ವಾರಸ್ಯವಾದುದು. ಒಂದು ಘನ ಮಿಲಿಮೀಟರು ನೆತ್ತರಿನಲ್ಲಿ ಗಂಡಸರಿಗೆ ಸುಮಾರು 50 ಲಕ್ಷ, ಹೆಂಗಸರಿಗೆ ಸ್ವಲ್ಪ ಕಡಿಮೆ. ಇವು ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಸುಮಾರು 120 ದಿನ ದುಡಿದು, ಬಹುಪಾಲು ಗುಲ್ಮದಲ್ಲಿ ಕೊನೆಗಾಣುವುವು. ಇವುಗಳೊಳಗಿನ ಹಿಮೋಗ್ಲೋಬಿನ್ ಎಂಬ ಕಬ್ಬಿಣದ ಅಂಶವುಳ್ಳ ವಸ್ತುವೇ ಶ್ವಾಸಕೋಶದಿಂದ ಪ್ರಾಣವಾಯುವನ್ನು ಒಯ್ಯುವುದು. ಚಳಿಜ್ವರದ ಜೀವಿಯು ನುಗ್ಗುವುದು ಈ ಕಣದೊಳಕ್ಕೇ. ಅಲ್ಲಿ ಮರಿಯಿಟ್ಟು, ಕಣಗಳನ್ನು ಏಕಕಾಲಕ್ಕೆ ಒಡೆದು ಹೊರಬಿದ್ದಾಗ ಮೈ ಗಡಗಡನೆ ನಡುಗುವುದು. ದಿನ ಬಿಟ್ಟು ದಿನ ಚಳಿ ಬರುವ ಗುಟ್ಟು ಇದೇ. ಹಾಳಾದ ಕಣಗಳನ್ನು ಸೋಸಿ ಸೋಸಿ ಗುಲ್ಮವು ಊದುವುದು. ನಮ್ಮ ಹಿರಿಯರು ಜ್ವರಗಡ್ಡೆಯೆಂದದ್ದು ಇದನ್ನೇ. 1911ರಲ್ಲಿ ಮೊದಲಾದ ಕೃಷ್ಣರಾಜಸಾಗರದ ಕಟ್ಟೆ ಮುಗಿದು ನಾಲೆಯ ನೀರು ಗದ್ದೆಗೆ ಹರಿದಾಗ ಕಬ್ಬು, ಭತ್ತಗಳೊಡನೆ ಈ ಜ್ವರವೂ ಬೆಳೆಯಿತು. ಹಳ್ಳಿಯ ಮಕ್ಕಳ ಹೊಟ್ಟೆಯನ್ನು ಒತ್ತಿ ಜ್ವರಗಡ್ಡೆಗಳನ್ನು ಎಣಿಸುವುದು ಆ ಕಾಲದ ವೈದ್ಯರು ಜ್ವರದ ಹಾವಳಿಯನ್ನು ಅಳೆಯುತ್ತಿದ್ದ ಬಗೆ.

ಬಿಳಿಯ ಕಣಗಳು ಕಾವಲುಗಾರರು. ಗಾಯದ ಕೀವಿನಲ್ಲಿ ಕಾಣುವುದು ಬಹುಮಟ್ಟಿಗೆ ಅವುಗಳ ಹೆಣಗಳೇ. ಪ್ಲೇಟ್‌ಲೆಟ್ಟುಗಳು ಗಾಯದ ಬಾಯಿಯನ್ನು ಮುಚ್ಚುವುವು. ಡೆಂಗೆಯಲ್ಲಿ ಕುಗ್ಗುವುದು ಇವುಗಳ ಸಂಖ್ಯೆ. ಆಗ ಪಪ್ಪಾಯಿ ಎಲೆಯ ರಸವೊಂದನ್ನೇ ನೆಚ್ಚಿ ವೈದ್ಯರನ್ನು ಕಾಣದಿರುವುದು ಅವಿವೇಕವೆಂದು ನಮ್ಮ ಅಭಿಪ್ರಾಯ.

ಚಳಿಜ್ವರದ ಹಾವಳಿ ಇಂದು ಬಹುಮಟ್ಟಿಗೆ ಅಡಗಿದೆ. ಆದರೆ ರಕ್ತಹೀನತೆ ಅಡಗಿಲ್ಲ. ಪಾಂಡವಪುರದ ಗದ್ದೆಯಲ್ಲಾಗಲಿ ಕೃಷ್ಣರಾಜಪೇಟೆಯ ತೋಟದಲ್ಲಾಗಲಿ ಹೊಲಸು ಬಿದ್ದ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಡೆದರೆ ಕೊಕ್ಕೆಹುಳುವಿನ ಮರಿ ಅಂಗಾಲಿನಿಂದ ಒಳಹೊಕ್ಕು, ಕರುಳಿನಲ್ಲಿ ನೆಲಸಿ ನೆತ್ತರನ್ನು ಹೀರುವುದು. ನಾಗಮಂಗಲದ ಬೆದ್ದಲಿನ ರಾಗಿ ಒಳ್ಳೆಯ ಧಾನ್ಯವೇ ಸರಿ. ಆದರೆ ಅದರ ಕಬ್ಬಿಣವೆಲ್ಲವೂ ಮೈಗೆ ಹತ್ತುವುದಿಲ್ಲ. ಮುದ್ದೆಯೊಡನೆ ಸೊಪ್ಪಿನ ಸಾರೂ ಅದಕ್ಕೆ ಹಿಂಡಿದ ನಿಂಬೆಯ ರಸವೂ ಇದ್ದರೆ ಲೇಸು. ಊಟದ ಬೆನ್ನಿಗೇ ಕಾಫಿ ಕುಡಿಯುವ ನಮ್ಮ ಚಾಳಿ ಮಾತ್ರ ಕಬ್ಬಿಣಕ್ಕೆ ಹಗೆ.

ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ಗೃಹಿಣಿಯು ಏದುಸಿರನ್ನೂ ತಲೆಸುತ್ತನ್ನೂ ದಣಿವೆಂದು ನುಂಗಿಕೊಳ್ಳುವಳು. ಹಿಮೋಗ್ಲೋಬಿನ್ ನೂರು ಮಿಲಿಲೀಟರಿಗೆ 12 ಗ್ರಾಮಿಗಿಂತ, ಬಸುರಿಯರಲ್ಲಿ 11 ಗ್ರಾಮಿಗಿಂತ ಕಡಿಮೆಯಾದರೆ ಅದು ರೋಗವೇ. ಹೆರಿಗೆಯಲ್ಲಿ ಹರಿವ ನೆತ್ತರನ್ನು ಅಂಥವಳು ತಾಳಲಾರಳು. ಸರಕಾರದ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಕಬ್ಬಿಣದ ಮಾತ್ರೆಯನ್ನು ಪುಕ್ಕಟೆಯಾಗಿ ಕೊಡುವರು. ಅದನ್ನು ನುಂಗಿದರೆ ಮಲವು ಕಪ್ಪಾಗುವುದು. ಇದನ್ನು ಕಂಡು ಬೆದರಿ ಮಾತ್ರೆಯನ್ನು ನಡುವೆ ಬಿಟ್ಟವರು ಬಹಳ. ಆ ಕಪ್ಪು ಮೈಗೆ ಹತ್ತದೆ ಉಳಿದ ಕಬ್ಬಿಣದ್ದೇ ಹೊರತು ಬೇರೇನೂ ಅಲ್ಲ.