ಹುಲ್ಲುಗಾವಲಿಗೂ ಒಂದು ಕಥೆಯಿದೆ

ನಗರಗಳ ಅಂಚಿನ ಅರಣ್ಯಗಳಲ್ಲಿ ಕಲ್ಲುಹಾಸಿನ ಕಾಲುದಾರಿ, ಸಿಮೆಂಟಿನ ಪ್ರಾಣಿಗಳು, ಮರಗಳ ಹೆಸರು ಹೊತ್ತ ಫಲಕಗಳು ಈಗ ಸಾಮಾನ್ಯ ದೃಶ್ಯವಾಗಿವೆ. ನಿಸರ್ಗ, ಕಲೆ ಮತ್ತು ಸ್ಥಳೀಯ ಪರಂಪರೆಯನ್ನು ಒಂದೆಡೆ ಪರಿಚಯಿಸಬೇಕೆಂಬ ಆಶಯ ಸ್ವಾಗತಾರ್ಹವೇ. ಆದರೆ ತೋರಿಸುವುದು ಬೇರೆ, ಅರ್ಥ ಮಾಡಿಸುವುದು ಬೇರೆ. ಸಂದರ್ಶಕರಿಗೆ ಮಾಹಿತಿ ತುಂಬುವುದಕ್ಕಿಂತ ಅವರಲ್ಲಿ ಜಿಜ್ಞಾಸೆ ಹುಟ್ಟಿಸುವುದೇ ಮುಖ್ಯವೆಂದು ಅಮೆರಿಕದ ರಾಷ್ಟ್ರೀಯ ಉದ್ಯಾನಗಳನ್ನು ಬಲ್ಲ ಫ್ರೀಮನ್ ಟಿಲ್ಡನ್ 1957ರಲ್ಲಿಯೇ ಪ್ರತಿಪಾದಿಸಿದ್ದರು.

ಈ ಅಳತೆಗೋಲನ್ನು ಹಿಡಿದು ಹಾವೇರಿ ಜಿಲ್ಲೆಯನ್ನು ಸುತ್ತಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಇಲ್ಲಿ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಹೇಳಬೇಕಾದ ಕಥೆಯ ಪುಟಗಳು ಮೂರು ಕಡೆ ಹರಡಿ ಬಿದ್ದಿವೆ. ಅವನ್ನು ಕೂಡಿಸುವ ಕೆಲಸವಷ್ಟೇ ಬಾಕಿಯಿದೆ.

ಮೊದಲ ಪುಟ ರಾಣೆಬೆನ್ನೂರಿನದು. ಇಲ್ಲಿನ 119 ಚದರ ಕಿಲೋಮೀಟರ್ ಪ್ರದೇಶವನ್ನು 1974ರಲ್ಲಿ ಕೃಷ್ಣಮೃಗ ವನ್ಯಧಾಮವೆಂದು ಘೋಷಿಸಲಾಯಿತು. ಕೃಷ್ಣಮೃಗ ದಟ್ಟ ಕಾಡಿನ ಪ್ರಾಣಿಯಲ್ಲ. ದೂರದವರೆಗೆ ಕಾಣುವ ಕಣ್ಣು, ಓಡಲು ತೆರೆದ ಬಯಲು, ಇವೇ ಅದರ ರಕ್ಷೆ. ಆದರೆ ನಮ್ಮ ಕಂದಾಯ ದಾಖಲೆಗಳ ಭಾಷೆಯಲ್ಲಿ ಹುಲ್ಲಿನ ಬಯಲೆಂದರೆ ಬಂಜರು ಅಥವಾ ಖರಾಬು. ಬಂಜರನ್ನು ಹಸಿರಾಗಿಸುವ ಉತ್ಸಾಹದಲ್ಲಿ ಈ ಸೀಮೆಯ ಬಯಲುಗಳಿಗೆ ನೀಲಗಿರಿ ಬಂತು. ವನ್ಯಧಾಮದ ಒಳಗೂ ಅದರ ನೆಡುತೋಪುಗಳಿವೆ. ಒಂದು ಕಾಲಕ್ಕೆ ಇಲ್ಲಿ ಎರೆಭೂತ ಹಕ್ಕಿಯೂ ಕಾಣಸಿಗುತ್ತಿತ್ತು. ತೆರೆದ ಹುಲ್ಲುಗಾವಲು ಕುಗ್ಗಿದ ಎಡೆಗಳಲ್ಲೆಲ್ಲ ಆ ಹಕ್ಕಿಗೆ ನೆಲೆ ತಪ್ಪಿದೆ.

ನೀಲಗಿರಿಯ ಅಧ್ಯಾಯಕ್ಕೆ ಮನುಷ್ಯರ ಪಾಲೂ ಇದೆ. ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಸ್ಥಾಪಿಸಿದವು. ಹಳ್ಳಿಗರು ದನ ಮೇಯಿಸುತ್ತಿದ್ದ, ಉರುವಲು ಆಯುತ್ತಿದ್ದ ಸಾವಿರಾರು ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ಮರ ಬೆಳೆಸುವುದು ಅದರ ಉದ್ದೇಶ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಹಣ್ಣು ಮತ್ತು ಮೇವು ಕೊಡುವ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾದ ಈ ಸತ್ಯಾಗ್ರಹದ ಹಿಂದೆ ಸಮಾಜ ಪರಿವರ್ತನ ಸಮುದಾಯವಿತ್ತು. ನ್ಯಾಯಾಲಯದ ಹೋರಾಟದಲ್ಲಿ ಶಿವರಾಮ ಕಾರಂತರು ಜೊತೆಗಿದ್ದರು. ಅರ್ಥಶಾಸ್ತ್ರದ ಲೆಕ್ಕದಲ್ಲಿ ಮೇವು, ಉರುವಲುಗಳಿಗೆ ಮಾರುಕಟ್ಟೆಯ ಬೆಲೆಯಿಲ್ಲ. ಬೆಲೆಯಿಲ್ಲದ್ದನ್ನು ಮೌಲ್ಯವಿಲ್ಲದ್ದೆಂದು ಬಗೆದುದೇ ಆ ಯೋಜನೆಯ ಮೂಲ ದೋಷ. ನೀಲಗಿರಿಯ ಹೊಸ ನಾಟಿಯನ್ನು ಸರ್ಕಾರವೇ ನಿಷೇಧಿಸಲು 2017ರವರೆಗೆ ಕಾಯಬೇಕಾಯಿತು.

ಎರಡನೆಯ ಪುಟ ಬ್ಯಾಡಗಿಯದು. ಈ ಊರೆಂದರೆ ಹೊರಗಿನವರಿಗೆ ಕೆಂಪು ಮೆಣಸಿನಕಾಯಿ. ಆದರೆ ಇದೇ ತಾಲ್ಲೂಕಿನಲ್ಲಿದೆ ಕನಕದಾಸರ ಕಾಗಿನೆಲೆ. ಕುರುಬ ಸಮುದಾಯದಲ್ಲಿ ಜನಿಸಿದ ಕವಿ ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿಸಿಕೊಂಡ ನೆಲವಿದು. ಕುರಿ, ಕಂಬಳಿ, ಡೊಳ್ಳು, ಬೀರೇಶ್ವರನ ಗುಡಿ, ಈ ಇಡೀ ಸಂಸ್ಕೃತಿಯ ಬೇರು ಇರುವುದು ಹುಲ್ಲಿನಲ್ಲಿ. ಕಾಗಿನೆಲೆಗೆ ಬಂದ ಯಾತ್ರಿಕನಿಗೂ ರಾಣೆಬೆನ್ನೂರಿಗೆ ಬಂದ ಪ್ರವಾಸಿಗನಿಗೂ ಈ ನಂಟನ್ನು ಯಾರಾದರೂ ಹೇಳಬೇಡವೇ?

ಮೂರನೆಯ ಪುಟಕ್ಕೆ ಹಾವೇರಿಯಿಂದ ಶಿಗ್ಗಾಂವಿಯತ್ತ ಹೋಗಬೇಕು. ಬಂಕಾಪುರದ ಹಳೆಯ ಕೋಟೆಯೊಳಗೆ ಚಾಲುಕ್ಯರ ಕಾಲದ ನಗರೇಶ್ವರ ದೇವಾಲಯವಿದೆ. ಖಿಲಾರಿ ದನಗಳ ಸಂವರ್ಧನ ಕೇಂದ್ರವಿದೆ. 2006ರಲ್ಲಿ ಘೋಷಿತವಾದ, 139 ಎಕರೆಯ ನವಿಲುಧಾಮವಿದೆ. ಕಂದಕದ ಪೊದೆ ಮತ್ತು ದನಗಳ ಮೇವಿನ ಹೊಲ ನವಿಲಿಗೆ ಆಸರೆಯಾಗಿವೆ. ಯಾವ ವಾಸ್ತುಶಿಲ್ಪಿಯೂ ಯೋಜಿಸದೆ ಇತಿಹಾಸ, ಪಶುಪಾಲನೆ ಮತ್ತು ವನ್ಯಜೀವನ ಇಲ್ಲಿ ಒಂದಾಗಿವೆ. ಅಲ್ಲಿಂದ ಮುಂದೆ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಉತ್ತರ ಕರ್ನಾಟಕದ ಹಳ್ಳಿಬದುಕು ಆಳೆತ್ತರದ ಶಿಲ್ಪಗಳಲ್ಲಿ ಅಲ್ಲಿ ಮೈದಳೆದಿದೆ. ಪಕ್ಕದಲ್ಲಿಯೇ ಜಾನಪದ ವಿಶ್ವವಿದ್ಯಾಲಯವೂ ಇರುವುದರಿಂದ ಪಾಂಡಿತ್ಯಕ್ಕೂ ಕೊರತೆಯಿಲ್ಲ.

ಈ ಮೂರನ್ನೂ ಕೂಡಿಸುವುದಕ್ಕೆ ದೊಡ್ಡ ಮೊತ್ತದ ಅನುದಾನ ಬೇಕಿಲ್ಲ. ಒಂದೇ ನಕಾಶೆ, ತಿಳಿಗನ್ನಡದ ಫಲಕಗಳು, ಜಾನಪದ ವಿಶ್ವವಿದ್ಯಾಲಯದಲ್ಲಿ ತರಬೇತಿ ಪಡೆದ ಕುರಿಗಾಹಿ ಮನೆತನದ ಯುವಕ ಯುವತಿಯರ ಮಾರ್ಗದರ್ಶನ, ಪ್ರವೇಶ ಶುಲ್ಕದಲ್ಲಿ ಸುತ್ತಣ ಗ್ರಾಮ ಪಂಚಾಯಿತಿಗಳಿಗೆ ಪಾಲು, ಇಷ್ಟಿದ್ದರೆ ಆರಂಭಕ್ಕೆ ಸಾಕು. ಶಿಲ್ಪಗಳು ಗೊಟಗೋಡಿಯಲ್ಲಿಯೇ ಇರಲಿ. ಕೃಷ್ಣಮೃಗದ ಬಯಲಿನಲ್ಲಿ ಸಿಮೆಂಟಿನ ಕೃಷ್ಣಮೃಗವನ್ನು ನಿಲ್ಲಿಸುವುದು ಬೇಡ; ಅಲಂಕಾರಕ್ಕೆಂದು ಅಲ್ಲಿ ಮರ ನೆಡುವುದಂತೂ ಬೇಡವೇ ಬೇಡ.

ಇನ್ನೊಂದು ಫಲಕ ಮಾತ್ರ ಅಗತ್ಯ. ಈ ಬಯಲನ್ನು ಬಂಜರೆಂದು ಕರೆದವರು ಯಾರು, ನೀಲಗಿರಿ ಏಕೆ ಬಂತು, ಕುಸನೂರಿನ ಜನ ಅದನ್ನೇಕೆ ಕಿತ್ತರು ಎಂಬುದನ್ನು ಅದರಲ್ಲಿ ಬರೆಯಬೇಕು. ತನ್ನ ನೀತಿಯ ತಪ್ಪನ್ನು ತನ್ನದೇ ಫಲಕದಲ್ಲಿ ದಾಖಲಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ಆದರೆ ಅದಿಲ್ಲದೆ ಶಾಲಾ ಮಕ್ಕಳು ಜಿಂಕೆಗಳನ್ನು ಎಣಿಸಿ ಮನೆಗೆ ಮರಳುತ್ತಾರೆ. ಬಯಲು ಯಾರದು, ಯಾರಿಗಾಗಿ ಉಳಿಯಬೇಕು ಎಂಬ ಪ್ರಶ್ನೆ ಅವರನ್ನು ತಟ್ಟುವುದೇ ಇಲ್ಲ.