ಗೋಡೆ ಒಣಗಿದ ಮೇಲೆ ಬಣ್ಣ

ಮನೆಯ ಹೊರಗೋಡೆಗೆ ನಾವೇ ಬಣ್ಣ ಹೊಡೆಯೋಣ ಎಂದು ಹೊರಟವರು ಮೊದಲು ಪೇಂಟ್ ಅಂಗಡಿಗೆ ಹೋಗಿ ಶೇಡ್ ಕಾರ್ಡ್ ಬಿಡಿಸಿಕೊಂಡು ಕೂರುತ್ತಾರೆ. ಆ ಹೊತ್ತನ್ನು ಗೋಡೆ ನೋಡುವುದರಲ್ಲಿ ಕಳೆದರೆ ಲಾಭ ಹೆಚ್ಚು. ಹೊಡೆದ ವರ್ಷಕ್ಕೇ ಬಣ್ಣ ಹಪ್ಪಳದ ಹಾಗೆ ಎದ್ದರೆ ಬೈಗುಳ ತಿನ್ನುವುದು ಪೇಂಟ್ ಕಂಪನಿ. ಆದರೆ ಹೆಚ್ಚಿನ ಸಲ ಅದನ್ನು ಎಬ್ಬಿಸಿದ್ದು ಗೋಡೆಯೊಳಗಿನ ನೀರು.

ನೀರಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅದರಡಿಯ ಗಾರೆ ಸುತ್ತಲಿನದಕ್ಕಿಂತ ಕಪ್ಪಗೆ ಕಂಡರೆ, ಗೋಡೆ ಇನ್ನೂ ಒಣಗಿಲ್ಲ. ನೆಲದಿಂದ ಮೊಣಕಾಲೆತ್ತರದಲ್ಲಿ, ಬಚ್ಚಲುಮನೆಯ ಹಿಂಬದಿಯಲ್ಲಿ, ತಾರಸಿಯ ನೀರಿನ ಪೈಪು ಇಳಿಯುವಲ್ಲಿ ಮಾಡಿ ನೋಡಿದರೆ ಸಾಕು.

ಗಾರೆ, ಇಟ್ಟಿಗೆ, ಕರಾವಳಿಯ ಮುರಕಲ್ಲು ಎಲ್ಲದರಲ್ಲೂ ಕಣ್ಣಿಗೆ ಕಾಣದ ರಂಧ್ರಗಳಿವೆ. ಮಳೆಗಾಲದಲ್ಲಿ ಕುಡಿದ ನೀರು ಅಷ್ಟು ಬೇಗ ಆರುವುದಿಲ್ಲ. ಬೆಳಗ್ಗೆ 25 ಡಿಗ್ರಿ ಸೆಲ್ಸಿಯಸ್ ಇದ್ದ ಪಶ್ಚಿಮದ ಗೋಡೆ ಇಳಿಬಿಸಿಲಿಗೆ 50 ಡಿಗ್ರಿಗೆ ಏರಿತೆನ್ನಿ. ಒದ್ದೆ ರಂಧ್ರಗಳಲ್ಲಿರುವ ನೀರಾವಿಯ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೊರಬರುವ ದಾರಿಗೆ ಬಣ್ಣದ ಪೊರೆ ಅಡ್ಡವಿದ್ದರೆ ಅಲ್ಲಿ ಗುಳ್ಳೆ ಏಳುತ್ತದೆ. ನೀರಿನ ಜೊತೆ ಲವಣಗಳೂ ಬರುತ್ತವೆ. ಗೋಡೆಯ ಬುಡದಲ್ಲಿ ಬೆಳ್ಳಗೆ ಹಿಟ್ಟಿನಂತೆ ಕಾಣುವುದು ಅದೇ. ಅದರಲ್ಲಿ ಸೋಡಿಯಂ ಸಲ್ಫೇಟ್ ಇದ್ದರಂತೂ, ಅದು ಹತ್ತು ನೀರಿನ ಅಣುಗಳನ್ನು ಸೇರಿಸಿಕೊಂಡು ಹರಳುಗಟ್ಟಿದಾಗ ಗಾತ್ರ ಒಣರೂಪದ ನಾಲ್ಕು ಪಟ್ಟಿಗೂ ಮೀರುತ್ತದೆ. ಗಾರೆಯನ್ನೇ ಉದುರಿಸುವ ಈ ಬಲದ ಮುಂದೆ ಪೇಂಟು ಯಾವ ಲೆಕ್ಕ? ಈ ಉಪ್ಪನ್ನು ತೊಳೆಯಹೋಗಬೇಡಿ, ಕರಗಿ ಮತ್ತೆ ಒಳಗೇ ಸೇರುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು, ನೀರು ಎಲ್ಲಿಂದ ಬರುತ್ತಿದೆಯೋ ಅದನ್ನು ಮೊದಲು ಸರಿಪಡಿಸಿ.

ಹಿಂದಿನವರ ಸುಣ್ಣಕ್ಕೆ ಈ ಗುಳ್ಳೆಯ ಕಾಟ ಅಷ್ಟಾಗಿ ಇರಲಿಲ್ಲ. ಸುಣ್ಣಕಲ್ಲನ್ನೋ ಕರಾವಳಿಯಲ್ಲಾದರೆ ಚಿಪ್ಪನ್ನೋ ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿಯಲ್ಲಿ ಸುಟ್ಟಾಗ, ಅದರಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕದ ಶೇ. 44ರಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಉಳಿದದ್ದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮರಳಿ ಕಲ್ಲಾಗುತ್ತದೆ. ಬಳಿಯುವಾಗ ಗೋಡೆಯೇ ಕಾಣುವಷ್ಟು ತೆಳ್ಳಗಿದ್ದ ಸುಣ್ಣ ಆರಿದ ಮೇಲೆ ಬೆಳ್ಳಗಾಗುವುದನ್ನು ಎಲ್ಲರೂ ನೋಡಿದ್ದೇವೆ. ಕಣಗಳ ನಡುವೆ ನೀರಿದ್ದ ಜಾಗಕ್ಕೆ ಗಾಳಿ ಬಂದು, ಬೆಳಕು ಹೆಚ್ಚು ಚದುರುವುದೇ ಇದಕ್ಕೆ ಮುಖ್ಯ ಕಾರಣ. ಗಾಳಿ ತುಂಬಿದ ಆ ಸಂದುಗಳಿಂದಲೇ ಗೋಡೆಯ ಆವಿಯೂ ಸಲೀಸಾಗಿ ಹೊರಬೀಳುತ್ತದೆ. ಹಾಗೆಂದು ಸುಣ್ಣವನ್ನು ಹೊಗಳಿ ಕೂರುವುದೂ ಬೇಡ: ಒರಗಿದರೆ ಬೆನ್ನಿಗೆ ಹತ್ತುತ್ತದೆ, ವರ್ಷ ವರ್ಷವೂ ಬಳಿಯಬೇಕು.

ಎಮಲ್ಷನ್ನಿನ ರೀತಿಯೇ ಬೇರೆ. ಡಬ್ಬಿಯ ನೀರಿನಲ್ಲಿ ಹರಡಿಕೊಂಡಿರುವ ಅಕ್ರಿಲಿಕ್ ಕಣಗಳ ಅಗಲ ಸುಮಾರಾಗಿ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ. ನೀರು ಆರುತ್ತ ಬಂದಂತೆ ಅವು ಒತ್ತೊತ್ತಾಗಿ ಕೂತು, ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಬೆಸೆಯಲು ಸಮಯ ಬೇಕು. ಕಾದ ಗೋಡೆಯ ಮೇಲೆ ಅದು ಸಿಗುವುದಿಲ್ಲ. ಪೊರೆ ದುರ್ಬಲವಾಗುತ್ತದೆ, ರೋಲರಿನ ಗೆರೆ ಹಾಗೇ ಉಳಿಯುತ್ತದೆ. ಹಾಗಾಗಿ ಬೆಳಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ್ದು. ಇಬ್ಬನಿ ಆರುವ ತನಕ ಯಾವುದೂ ಬೇಡ.

ಹಳೇ ಸುಣ್ಣದ ಮೇಲೆ ನೇರವಾಗಿ ಎಮಲ್ಷನ್ ಹೊಡೆಯುವುದನ್ನು ಎಲ್ಲ ಊರಲ್ಲೂ ಕಾಣುತ್ತೇವೆ. ಗೋಡೆಯ ಮೇಲೆ ಅಂಗೈ ಉಜ್ಜಿ ನೋಡಿ. ಬಿಳಿ ಪುಡಿ ಹತ್ತಿದರೆ, ಹೊಸ ಬಣ್ಣ ಹಿಡಿಯುವುದು ಆ ಪುಡಿಯನ್ನು. ಪುಡಿಯೋ ಗೋಡೆಯನ್ನು ಹಿಡಿದಿಲ್ಲ. ಕೆರೆದು, ಉಜ್ಜಿ, ತೊಳೆದು, ಆರಿಸಿ, ಪ್ರೈಮರ್ ಕೊಡುವ ತನಕ ಬಣ್ಣದ ಡಬ್ಬಿ ತೆರೆಯುವ ಮಾತಿಲ್ಲ. ಕೂಲಿಗೆ ಕೊಟ್ಟಾಗ ಅವಸರಕ್ಕೆ ಸಿಕ್ಕಿ ಮೊದಲು ಬಿಟ್ಟುಹೋಗುವ ಕೆಲಸ ಇದೇ. ಸ್ವಂತ ಕೈಯಿಂದ ಮಾಡುವುದರ ನಿಜವಾದ ಲಾಭ ಇಲ್ಲಿದೆ, ಉಳಿಯುವ ಕೂಲಿಯಲ್ಲಲ್ಲ.

ಮಲೆನಾಡಿನ ಗೋಡೆಗಳ ಕಪ್ಪು ಪಟ್ಟೆಯನ್ನು ಧೂಳೆಂದು ತಿಳಿಯಬೇಡಿ. ಅದು ಹೆಚ್ಚಾಗಿ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳ ವಸಾಹತು. ಅತಿನೇರಳೆ ಕಿರಣ ತಾಗದಿರಲೆಂದು ಅವು ತಮ್ಮ ಲೋಳೆಯ ಹೊದಿಕೆಗೆ ಗಾಢ ಬಣ್ಣ ತುಂಬಿಕೊಂಡಿರುತ್ತವೆ. ಮೇಲೆ ಬಣ್ಣ ಬಳಿದರೆ ಮರುಮಳೆಗೆ ಇಣುಕುತ್ತವೆ. ಬ್ಲೀಚಿಂಗ್ ಪೌಡರಿನ ತಿಳಿನೀರು ಹಚ್ಚಿ, ಉಜ್ಜಿ, ಚೆನ್ನಾಗಿ ತೊಳೆಯಬೇಕು. ಅದರ ಜೊತೆ ಆಸಿಡ್ ಮಾತ್ರ ಸೇರಿಸಲೇಬೇಡಿ. ಹೊರಡುವುದು ವಿಷಾನಿಲ ಕ್ಲೋರಿನ್.

ಇನ್ನು ಶೇಡ್ ಕಾರ್ಡ್. ಹೊಳೆಯುವ ಕೆಂಪು, ಹಳದಿಗಳಲ್ಲಿ ಹಲವು ಸಾವಯವ ವರ್ಣಕಗಳು. ಬಿಸಿಲಿಗೆ ಅವುಗಳ ಅಣುಗಳು ಮುರಿದು ಬಣ್ಣ ಮಂಕಾಗುತ್ತದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಆಗಲೇ ತುಕ್ಕಾಗಿರುವುದಕ್ಕೆ ಬಿಸಿಲು ಇನ್ನೇನು ಮಾಡೀತು? ನನ್ನ ಮತ ಮಣ್ಣಿನ ಬಣ್ಣಗಳಿಗೆ, ಬಿಸಿಲ ಕಡೆಯ ಗೋಡೆಗಾದರೆ ತಿಳಿಬಣ್ಣಕ್ಕೆ.

ಕಿಟಕಿ ಸರಳುಗಳ ಹಳೇ ಎಣ್ಣೆಬಣ್ಣವನ್ನು ಒಣದಾಗಿ ಉಜ್ಜಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೆಂದು ಕಣ್ಣಿಗೆ ತಿಳಿಯುವುದಿಲ್ಲ. ನೀರು ಹಚ್ಚಿ ಉಜ್ಜಿ, ಮಕ್ಕಳನ್ನು ದೂರವಿಡಿ, ಕೆರೆದ ಚೂರುಗಳನ್ನು ತೋಟಕ್ಕೆ ಗುಡಿಸಬೇಡಿ. ಅಲ್ಯೂಮಿನಿಯಂ ಏಣಿಯನ್ನು ಮನೆಗೆ ಬರುವ ಕರೆಂಟಿನ ತಂತಿಯ ಹತ್ತಿರ ಒಯ್ಯಲೇಬೇಡಿ. ಮೇಲಿನ ಮಹಡಿಯ ಗೋಡೆಯನ್ನು ಸಾರವೆ ಕಟ್ಟಿ ಕೆಲಸ ಮಾಡಿ ಬಲ್ಲವರಿಗೇ ಬಿಡಿ.