ರಂಧ್ರಮಯ ಇಟ್ಟಿಗೆಯೂ ಇಂಧನದ ಉಳಿತಾಯವೂ

ಕುಲುಮೆಯ ಬಾಯಿಂದ ಹೊರಬೀಳುವ ಶಾಖವು ಎಲ್ಲರ ಕಣ್ಣಿಗೂ ಕಾಣುತ್ತದೆ. ಗೋಡೆಯೊಳಗಿಂದ ಸದ್ದಿಲ್ಲದೆ ಸೋರಿಹೋಗುವ ಶಾಖವನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ. ಇಂಧನಕ್ಕೆ ತೆತ್ತ ಹಣದ ಒಂದು ಪಾಲು ಹೀಗೆ ವ್ಯರ್ಥವಾಗುತ್ತಿರುವಾಗ, ಅದನ್ನು ತಡೆಯುವ ಸಾಧನವು ನಮ್ಮ ಕಾಲಡಿಯ ಜೇಡಿಮಣ್ಣಿನಲ್ಲಿಯೇ ಇದೆಯೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ತತ್ತ್ವವು ಸರಳವಾದುದು. ಶಾಖವನ್ನು ತಡೆಯುವುದು ಮಣ್ಣಿಗಿಂತ ಹೆಚ್ಚಾಗಿ ಅದರ ರಂಧ್ರಗಳಲ್ಲಿ ಸೆರೆಸಿಕ್ಕಿ ನಿಶ್ಚಲವಾಗಿರುವ ಗಾಳಿ. ಜೇಡಿಮಣ್ಣಿಗೆ ಮರದ ಹೊಟ್ಟನ್ನೋ ಭತ್ತದ ಹೊಟ್ಟನ್ನೋ ಬೆರೆಸಿ ಸುಟ್ಟರೆ, ಹೊಟ್ಟು ಉರಿದುಹೋಗಿ ಅದರ ಸ್ಥಾನದಲ್ಲಿ ರಂಧ್ರಗಳುಳಿಯುತ್ತವೆ. ರಂಧ್ರಗಳು ಸಣ್ಣವಾಗಿಯೂ ಅಸಂಖ್ಯವಾಗಿಯೂ ಇರಬೇಕು. ದೊಡ್ಡವಾದರೆ ತೀವ್ರತಾಪದಲ್ಲಿ ಶಾಖವು ಕಿರಣರೂಪದಿಂದ ಅವುಗಳನ್ನು ದಾಟಿಬಿಡುವುದು.

ಇದು ಹೊಸ ವಿದ್ಯೆಯೇನೂ ಅಲ್ಲ. ನೀರಿನ ಮೇಲೆ ತೇಲುವ ಇಟ್ಟಿಗೆಗಳನ್ನು ರೋಮಿನ ವಿಟ್ರುವಿಯಸನು ಎರಡು ಸಾವಿರ ವರ್ಷಗಳ ಹಿಂದೆಯೇ ವರ್ಣಿಸಿದ್ದಾನೆ. 1791ರಲ್ಲಿ ಇಟಲಿಯ ಫಬ್ರೋನಿಯು ಅಂಥವನ್ನು ಪುನಃ ತಯಾರಿಸಿದನು. ಡೆನ್ಮಾರ್ಕಿನ ಮೋರ್ಸ್ ಮತ್ತು ಫೂರ್ ದ್ವೀಪಗಳಲ್ಲಿ ‘ಮೋಲರ್’ ಎಂಬ ಮಣ್ಣಿದೆ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸೂಕ್ಷ್ಮ ಜಲಸಸ್ಯಗಳ ಚಿಪ್ಪು, ಉಳಿದುದು ಬಹುಮಟ್ಟಿಗೆ ಜೇಡಿ. ಪ್ರಕೃತಿಯೇ ಬೆರೆಸಿಟ್ಟ ಈ ಮಿಶ್ರಣದಿಂದ ಆ ಸಣ್ಣ ದೇಶವು ಉಷ್ಣನಿರೋಧಕ ಇಟ್ಟಿಗೆಗಳ ಉದ್ಯಮವನ್ನೇ ಕಟ್ಟಿತು.

ರಂಧ್ರವುಳ್ಳ ಹೂಜಿಯು ನೀರನ್ನು ತಣಿಸುವುದಲ್ಲವೇ, ಇಟ್ಟಿಗೆಯಲ್ಲಿಯೂ ಹಾಗೆಯೇ ಆಗದೇ ಎಂದು ಕೆಲವರು ಕೇಳಬಹುದು. ಹೂಜಿಯನ್ನು ತಣಿಸುವುದು ಒಸರಿದ ನೀರಿನ ಆವಿ. ಇಟ್ಟಿಗೆಯಾದರೋ ಒಣಗಿಯೇ ಇರಬೇಕು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುವುದರಿಂದ, ನೆನೆದ ಇಟ್ಟಿಗೆಯ ಗುಣವು ಕೆಡುತ್ತದೆ.

ದೋಷಗಳೂ ಉಂಟು. ರಂಧ್ರ ಹೆಚ್ಚಿದಂತೆ ಬಲವು ಕುಗ್ಗುತ್ತದೆ. ಕರಗಿದ ಕಿಟ್ಟವು ಅದನ್ನು ಬೇಗನೆ ತಿನ್ನುತ್ತದೆ. ಆದುದರಿಂದ ಅಂಥ ಕಡೆ ಬೆಂಕಿಯ ಮೋರೆಗೆ ಗಟ್ಟಿ ಇಟ್ಟಿಗೆಯನ್ನಿಟ್ಟು, ಅದರ ಹಿಂದೆ ಇದನ್ನು ಕಟ್ಟುವುದೇ ವಿವೇಕ. ಸುಡುವಾಗ ಅವಸರ ಮಾಡಿದರೆ ಒಡಲು ಕಪ್ಪಾಗಿ ಬಿರಿಯುವುದು.

1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಮಣ್ಣನ್ನು ಹದಮಾಡಿ ಸುಡುವ ಯಂತ್ರೋದ್ಯಮವು ಈ ನಾಡಿಗೆ ಪರಿಚಿತವಾಗಿದೆ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟು. ನಮ್ಮ ಗಿರಣಿಗಳಲ್ಲಿ ಅದಕ್ಕೆ ಬರವಿಲ್ಲ. ಆದರೆ ಒಂದೂರಿನ ಮಣ್ಣಿಗೆ ಒಪ್ಪಿದ ಪ್ರಮಾಣವು ಇನ್ನೊಂದೂರಿನದಕ್ಕೆ ಒಪ್ಪದು. ಪ್ರತಿಯೊಂದು ಮಣ್ಣಿನ ಕುಗ್ಗುವಿಕೆ, ಬಲ, ತಾಪಸಹನಶಕ್ತಿಗಳನ್ನು ಅಳೆದು ನೋಡುವ ವೆಚ್ಚವನ್ನು ಬಡ ಕುಂಬಾರನು ಹೊರಲಾರನು. ಕೈಗಾರಿಕಾ ಇಲಾಖೆಯವರು ಜಿಲ್ಲೆಯ ಪಾಲಿಟೆಕ್ನಿಕ್‌ಗಳ ಮೂಲಕ ಈ ಪರೀಕ್ಷೆಗಳನ್ನು ನಡೆಸಿ, ಫಲಿತಾಂಶಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕೆಂಬುದು ನಮ್ಮ ಸೂಚನೆ. ಇದಕ್ಕೆ ತಗಲುವ ವೆಚ್ಚವು ಅಲ್ಪ. ಉಳಿಯುವ ಸೌದೆಯೂ ಕಲ್ಲಿದ್ದಲೂ ವರ್ಷವರ್ಷವೂ ಉಳಿಯತಕ್ಕವು.